'ಏನೂ ಮಾಡಲ್ಲ, ಬನ್ನಿ'

ಸಂಜೆ ಹೊತ್ತು ಊಟ ಡೆಲಿವರಿ ಮಾಡಿ ಕೋಚಿಂಗ್ ಫೀಸು ಹೊಂದಿಸಿಕೊಳ್ಳುವವನು ನಾನು. 'ನಾಯಿ ಇದೆ ಎಚ್ಚರಿಕೆ' ಬೋರ್ಡಿನ ಮುಂದೆ ನಿಂತಾಗಲೆಲ್ಲ ಒಳಗಿನಿಂದ ಬರುವ ಮಾತು ಒಂದೇ: 'ಏನೂ ಮಾಡಲ್ಲ, ಬನ್ನಿ.' ಕಳೆದ ತಿಂಗಳು ಹಾಗೆ ಕರೆದ ಮನೆಯ ರಾಟ್‌ವೀಲರ್ ನನ್ನ ಪ್ಯಾಂಟು ಹಿಡಿದೇಬಿಟ್ಟಿತು. ಪುಣ್ಯಕ್ಕೆ ಹಲ್ಲು ತಾಗಲಿಲ್ಲ. 'ನೀವು ಹೆದರಿದ್ದಕ್ಕೇ ಹಾಗೆ ಮಾಡಿತು' ಎಂದರು ಮಾಲೀಕರು!

ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆ, ಮಾರಾಟಕ್ಕೆ ಅನುಮತಿ ಕೊಡಬೇಡಿ ಎಂದು 2024ರ ಮಾರ್ಚ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಏಪ್ರಿಲ್‌ನಲ್ಲೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕ್ರಮಬದ್ಧವಾಗಿ ಹೊಸದಾಗಿ ಹೊರಡಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಪಟ್ಟಿ ಬಿದ್ದುಹೋಗಿದ್ದಕ್ಕೆ ನನಗೇನೂ ಬೇಸರವಿಲ್ಲ. ಪಟ್ಟಿಯಲ್ಲಿಲ್ಲದ ನಾಯಿಗೆ ಹಗ್ಗವೇ ಬೇಡ ಎಂದುಕೊಳ್ಳುವ ಜನ ನಾವು.

ಸಾಕುಪ್ರಾಣಿಯಿಂದ ಜೀವಕ್ಕೆ ಅಪಾಯ, ತೀವ್ರ ಗಾಯ ಆಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಅಲ್ಲಿ ತಳಿ ಯಾವುದೆಂಬ ಪ್ರಶ್ನೆಯೇ ಇಲ್ಲ. ಆದರೆ ದೂರು ಕೊಡಬೇಕಲ್ಲ? ಠಾಣೆಯಲ್ಲಿ ಕೂತರೆ ಆ ಸಂಜೆಯ ದುಡಿಮೆ ಹೋಯಿತು. ನಾನೂ ಹೋಗಲಿಲ್ಲ. ಈಗ ಗೇಟಿನ ಹೊರಗೇ ನಿಂತು ಫೋನ್ ಮಾಡುತ್ತೇನೆ: 'ಸಾರ್, ಮೊದಲು ನಾಯಿ ಕಟ್ಟಿ.'