ಮತವೊಂದೇ ಸಾಲದು

ಪ್ರಜಾಪ್ರಭುತ್ವವೆಂದರೆ ಮತಪೆಟ್ಟಿಗೆ ಎಂದು ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಷ್ಟಕ್ಕೇ ನಾವು ತೃಪ್ತರಾಗುತ್ತೇವೆ. ಆದರೆ ಮತ ನೀಡುವ ಹಕ್ಕು ಒಂದು ಬಾಗಿಲಾದರೆ, ಮತ ಕೇಳಿ ಆರಿಸಿ ಬರುವ ಹಕ್ಕು ಇನ್ನೊಂದು ಬಾಗಿಲು. ಮೊದಲನೆಯದು ತೆರೆದ ಮಾತ್ರಕ್ಕೆ ಎರಡನೆಯದೂ ತೆರೆಯಿತೆಂದು ಭಾವಿಸುವುದು ಭ್ರಮೆ. ಇದಕ್ಕೆ ಶಾಂತಸಾಗರದ ಸಮೋವಾ ದ್ವೀಪರಾಷ್ಟ್ರದ ಸ್ತ್ರೀಯರ ಕಥೆಯೇ ನಿದರ್ಶನ.

ಉಪೋಲು, ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳೂ ಕೆಲವು ಕಿರುದ್ವೀಪಗಳೂ ಕೂಡಿದ ಈ ನಾಡಿನ ಜನಸಂಖ್ಯೆ ಸುಮಾರು ಎರಡು ಲಕ್ಷ. ಅಲ್ಲಿ ಪ್ರತಿಯೊಂದು ಕುಟುಂಬಕ್ಕೂ ‘ಮತಾಯಿ’ ಎಂಬ ಪದವಿಯನ್ನು ಹೊಂದಿದ ಮುಖ್ಯಸ್ಥರಿರುತ್ತಾರೆ. ಕುಟುಂಬದವರು ಕೂಡಿ ಅವರನ್ನು ಆರಿಸುತ್ತಾರೆ. ಮತಾಯಿಗಳು ಗ್ರಾಮಸಭೆಯಲ್ಲಿ ಕುಳಿತು ಊರಿನ ವ್ಯವಹಾರವನ್ನು ತೀರ್ಮಾನಿಸುತ್ತಾರೆ. ಈ ಶಬ್ದದಲ್ಲಿ ಕನ್ನಡಿಗರ ಕಿವಿಗೆ ‘ತಾಯಿ’ ಎಂಬುದು ಕೇಳಿಸಿದರೂ, ಆ ಪದವಿ ತಾಯಂದಿರಿಗೆ ದೊರೆತದ್ದು ವಿರಳ. ಇಂದಿಗೂ ಮತಾಯಿಗಳಲ್ಲಿ ಸ್ತ್ರೀಯರು ಹತ್ತಕ್ಕೆ ಒಬ್ಬರೆಂಬಷ್ಟೇ. ಸ್ತ್ರೀಯರ ಮತಾಯಿ ಪದವಿಯನ್ನು ಮನ್ನಿಸದ ಗ್ರಾಮಗಳೂ ಉಂಟು.

ಇತಿಹಾಸದ ವೈಚಿತ್ರ್ಯವನ್ನು ನೋಡಿರಿ. 1893ರಲ್ಲಿಯೇ ತನ್ನ ಸ್ತ್ರೀಯರಿಗೆ ಮತದಾನದ ಹಕ್ಕನ್ನಿತ್ತು ಜಗತ್ತಿಗೆ ಮೇಲ್ಪಂಕ್ತಿ ಹಾಕಿದ ನ್ಯೂಜಿಲೆಂಡ್ ದೇಶವೇ 1914ರಿಂದ ಸಮೋವಾವನ್ನು ಆಳಿತು. 1961ರಲ್ಲಿ ವಿಶ್ವಸಂಸ್ಥೆಯ ಸಮ್ಮುಖದಲ್ಲಿ ಸ್ವಾತಂತ್ರ್ಯದ ಬಗ್ಗೆ ಜನಮತಗಣನೆ ನಡೆದಾಗ, ಸ್ತ್ರೀಪುರುಷ ಭೇದವಿಲ್ಲದೆ ವಯಸ್ಕರೆಲ್ಲರೂ ಮತವಿತ್ತರು. ಆದರೆ 1962ರ ಜನವರಿ 1ರಂದು ಸ್ವಾತಂತ್ರ್ಯ ಬಂದ ಮೇಲೆ, ಅನ್ಯವಂಶೀಯರ ಸಣ್ಣದೊಂದು ಪಟ್ಟಿಯ ಹೊರತು, ಮತದಾನದ ಹಕ್ಕು ಮತಾಯಿಗಳಿಗೆ ಮಾತ್ರವೆಂದು ನಿಶ್ಚಯವಾಯಿತು. ನಾಡು ಸ್ವತಂತ್ರವಾಗಲೆಂದು ಮತವಿತ್ತ ತಾಯಿಗೆ, ಆ ಸ್ವತಂತ್ರ ನಾಡನ್ನು ಆಳುವವರನ್ನು ಆರಿಸುವ ಅಧಿಕಾರವಿಲ್ಲದೆ ಹೋಯಿತು! ಮತದಾರರ ಸಂಖ್ಯೆಯನ್ನು ಹೆಚ್ಚಿಸುವುದಕ್ಕಾಗಿಯೇ ಹೊಸ ಹೊಸ ಮತಾಯಿಗಳನ್ನು ಸೃಷ್ಟಿಸುವ ದುರಭ್ಯಾಸವೂ ಬೆಳೆದು, ಪದವಿಯ ಗೌರವಕ್ಕೂ ಕುಂದು ಬಂದಿತು. ಕಡೆಗೆ 1990ರಲ್ಲಿ ಇನ್ನೊಂದು ಜನಮತಗಣನೆ ನಡೆದು, 21 ವರ್ಷ ತುಂಬಿದವರೆಲ್ಲರಿಗೂ ಮತದಾನದ ಹಕ್ಕು ದೊರೆಯಿತು. ಅದೂ ಅಲ್ಪ ಬಹುಮತದಿಂದ.

ಹೀಗೆ ಮೊದಲನೆಯ ಬಾಗಿಲು ತೆರೆಯಿತು. ಎರಡನೆಯದು? ಅಭ್ಯರ್ಥಿಯಾಗಲು ಮತಾಯಿ ಪದವಿ ಬೇಕೇ ಬೇಕೆಂಬ ನಿಯಮ ಉಳಿದೇ ಉಳಿಯಿತು. ಆದುದರಿಂದ ಶಾಸನಸಭೆಯಲ್ಲಿ ಸ್ತ್ರೀಯರ ಸಂಖ್ಯೆ ಬೆರಳೆಣಿಕೆಯನ್ನು ಮೀರಲಿಲ್ಲ. ಇದನ್ನರಿತು 2013ರಲ್ಲಿ ಸಂವಿಧಾನವನ್ನು ತಿದ್ದಿ, ಸದನದಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ಥಾನಗಳು ಸ್ತ್ರೀಯರಿಗೆ ಇರತಕ್ಕದ್ದೆಂದು ವಿಧಿಸಿದರು. ಕಡಮೆಯಾದರೆ, ಸೋತವರಲ್ಲಿ ಹೆಚ್ಚು ಪ್ರಮಾಣದ ಮತ ಪಡೆದ ಸ್ತ್ರೀಯನ್ನು ಸೇರಿಸಿಕೊಳ್ಳಬೇಕು. 2016ರಲ್ಲಿ ನಾಲ್ವರು ಗೆದ್ದರು. ಐದನೆಯವರನ್ನು ಈ ವಿಧಿಯಂತೆ ಸೇರಿಸಲಾಯಿತು.

ಆದರೆ ಕಾನೂನು ಎರಡಲಗಿನ ಕತ್ತಿ. 2021ರ ಏಪ್ರಿಲ್ ಚುನಾವಣೆಯಲ್ಲಿ 51 ಸ್ಥಾನಗಳಲ್ಲಿ ಐವರು ಸ್ತ್ರೀಯರು ಗೆದ್ದರು. ಆಳುವ ಪಕ್ಷಕ್ಕೆ 25, ಫಿಯಮೆ ನವೋಮಿ ಮತಾಫಾ ಅವರು ನಾಯಕಿಯಾಗಿದ್ದ ಹೊಸ ಪಕ್ಷಕ್ಕೆ 25, ಒಬ್ಬರು ಪಕ್ಷೇತರರು. 51ರಲ್ಲಿ ಹತ್ತನೆಯ ಒಂದು ಪಾಲೆಂದರೆ ಐದೇ, ಆರೇ ಎಂಬ ಪ್ರಶ್ನೆ ಎದ್ದು, ಆಳುವ ಪಕ್ಷದ ಸ್ತ್ರೀಯೊಬ್ಬರನ್ನು ಆರನೆಯವರೆಂದು ಘೋಷಿಸಲಾಯಿತು. ಪಕ್ಷೇತರರು ಫಿಯಮೆಯವರನ್ನು ಸೇರಿದ್ದರಿಂದ ಬಲಾಬಲ 26-26 ಆಯಿತು. ಸ್ತ್ರೀಯರ ಹಿತಕ್ಕಾಗಿ ಮಾಡಿದ ವಿಧಿಯೇ ದೇಶದ ಪ್ರಥಮ ಸ್ತ್ರೀ ಪ್ರಧಾನಿಗೆ ಅಡ್ಡಗೋಡೆಯಾಗುವ ಸ್ಥಿತಿ ಬಂದಿತು! ಸರ್ವೋಚ್ಚ ನ್ಯಾಯಾಲಯ ಆ ಘೋಷಣೆಯನ್ನು ರದ್ದುಗೊಳಿಸಿತು. ಮೇ 24ರಂದು ಫಿಯಮೆಯವರು ಪ್ರಮಾಣವಚನಕ್ಕೆ ಬಂದಾಗ ಸಂಸತ್ ಭವನಕ್ಕೆ ಬೀಗ ಹಾಕಿತ್ತು. ಅವರು ಹಿಂದಿರುಗಲಿಲ್ಲ, ಅಂಗಳದಲ್ಲಿ ಡೇರೆ ಹಾಕಿಸಿ ಅಲ್ಲಿಯೇ ಪ್ರಮಾಣ ಸ್ವೀಕರಿಸಿದರು. ಮೇಲ್ಮನವಿಯ ನ್ಯಾಯಾಲಯವು, ಹತ್ತನೆಯ ಒಂದು ಪಾಲೆಂದರೆ ಆರೇ ಎಂದರೂ, ಆ ಸ್ಥಾನವನ್ನು ತಕರಾರುಗಳೂ ಮರುಚುನಾವಣೆಗಳೂ ಮುಗಿದ ಮೇಲೆಯೇ ತುಂಬತಕ್ಕದ್ದೆಂದಿತು. ಜುಲೈ ತಿಂಗಳಲ್ಲಿ ಡೇರೆಯ ಪ್ರಮಾಣವನ್ನು ಸಿಂಧುವೆಂದು ಎತ್ತಿಹಿಡಿಯಿತು. 2025ರಲ್ಲಿ ಆಯವ್ಯಯಕ್ಕೆ ಸದನದ ಒಪ್ಪಿಗೆ ದೊರೆಯದೆ ಚುನಾವಣೆ ನಡೆದು ಅವರು ಅಧಿಕಾರವನ್ನು ಕಳೆದುಕೊಂಡರು. ಆದರೆ ಅದು ಜನರ ಮತದಿಂದಾದ ಸೋಲು, ಬೀಗದಿಂದಾದುದಲ್ಲ.

ಇಲ್ಲೊಂದು ಮಾತನ್ನು ಮರೆಯಲಾಗದು. ಫಿಯಮೆಯವರು ದೇಶದ ಮೊದಲ ಪ್ರಧಾನಿಯ ಮಗಳು. ತಾಯಿಯೂ ಶಾಸನಸಭೆಯ ಸದಸ್ಯೆಯಾಗಿದ್ದವರು. ಅವರಿಗೇ ಇಷ್ಟು ಅಡ್ಡಿಯಾದರೆ, ಸಾಮಾನ್ಯ ಕುಟುಂಬದ ಹುಡುಗಿಯ ಪಾಡೇನು?

ಮತಾಯಿ ಪದ್ಧತಿ ಆ ಜನರ ಪ್ರಾಚೀನ ಸಂಪ್ರದಾಯ, ಹೊರಗಿನವರು ಆಕ್ಷೇಪಿಸಬಾರದು ಎಂದು ಕೆಲವರು ಹೇಳಬಹುದು. ನಾವು ಅದನ್ನು ಹಳಿಯುವವರಲ್ಲ. ಆದರೆ ಸೋದರಿಯನ್ನು ಸೋದರನ ಕಣ್ಣಪಾಪೆಯೆಂದು ಕರೆದು ಗೌರವಿಸುವುದೂ ಅದೇ ಸಂಪ್ರದಾಯವೇ. ಊರಿನ ಆರೋಗ್ಯ, ನೈರ್ಮಲ್ಯ, ಶಿಶುಪಾಲನೆಗಳ ಹೊಣೆಯನ್ನು ಅಲ್ಲಿನ ಮಹಿಳಾ ಸಮಿತಿಗಳು ತಲೆಮಾರುಗಳಿಂದ ಹೊತ್ತಿವೆ. ಕಣ್ಣಪಾಪೆಯೆಂದು ಕರೆದ ಮೇಲೆ, ಆ ಕಣ್ಣಿನಿಂದ ನಾಡಿನ ದಾರಿಯನ್ನೂ ನೋಡಬೇಡವೆ? ಮೀಸಲು ಸ್ಥಾನ ಒಂದು ಊರುಗೋಲು. ಅದನ್ನು ಹೀಯಾಳಿಸುವುದು ತಪ್ಪು. ಅದನ್ನೇ ಕಾಲೆಂದು ತಿಳಿಯುವುದೂ ತಪ್ಪು. ಕುಟುಂಬಗಳು ತಮ್ಮ ಹೆಣ್ಣುಮಕ್ಕಳಿಗೆ ಮತಾಯಿ ಪದವಿಯನ್ನು ಮನಃಪೂರ್ವಕವಾಗಿ ನೀಡಿದಂದೇ ಎರಡನೆಯ ಬಾಗಿಲು ನಿಜವಾಗಿ ತೆರೆಯುವುದೆಂದು ನಮ್ಮ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿ ಮಿತ್ರರೇ, ಸಮೋವಾ ನಮಗೆ ದೂರದ ನಾಡು. ಪ್ರಶ್ನೆ ಮಾತ್ರ ದೂರದ್ದಲ್ಲ. ತರಗತಿಯ ನಾಯಕನನ್ನು ಆರಿಸುವಾಗ ನಾವು ಹುಡುಗಿಯರ ಮತವನ್ನು ಕೇಳುತ್ತೇವೆ, ಎಣಿಸುತ್ತೇವೆ. ‘ನೀನೇ ಏಕೆ ನಿಲ್ಲಬಾರದು?’ ಎಂದು ಅವರನ್ನು ಕೇಳಿದ್ದೇವೆಯೆ? ಮುಂದಿನ ಆಯ್ಕೆಯಲ್ಲಿ ಆ ಒಂದು ಮಾತನ್ನು ಕೇಳೋಣ.