ನಗರದ ದಾಸೋಹ



ಒಂದು ರಾಷ್ಟ್ರಕ್ಕೆ ಆಪತ್ತು ಒದಗಿದಾಗ ಮತ್ತೊಂದು ರಾಷ್ಟ್ರವು ಸೈನ್ಯವನ್ನು ಕಳುಹಿಸಬಹುದು, ಸಂಧಾನ ನಡೆಸಬಹುದು, ವ್ಯಾಪಾರವನ್ನು ನಿಲ್ಲಿಸಬಹುದು. ಆದರೆ ನಗರಸಭೆಯೊಂದು ಏನು ಮಾಡಬಲ್ಲದು? ಅದರ ಅಧೀನದಲ್ಲಿರುವುದು ಕುಡಿಯುವ ನೀರು, ಬೀದಿದೀಪ, ರಸ್ತೆ, ಶಾಲೆ ಇಂತಹವು ಮಾತ್ರ. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಯುರೋಪಿನ ನಗರಗಳಿಗೆ ಎದುರಾದ ಪ್ರಶ್ನೆ ಇದೇ.

ಆ ನಗರಗಳು ತಮಗೆ ತೋಚಿದ ಬಗೆಯಲ್ಲಿ ಉತ್ತರಿಸಿದವು. ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ಮಹಾದ್ವಾರವು ದಾಳಿಯ ಹಿಂದಿನ ಸಂಜೆಯೇ ಯುಕ್ರೇನಿನ ಧ್ವಜದ ನೀಲಿ-ಹಳದಿ ಬಣ್ಣಗಳಿಂದ ಬೆಳಗಿತು. ಮರುದಿನ ದಾಳಿಯಾಯಿತು; ಅದರ ಮರುದಿನ ಪ್ಯಾರಿಸ್ಸಿನ ಐಫೆಲ್ ಗೋಪುರವೂ ಅದೇ ಬಣ್ಣಗಳನ್ನು ತಾಳಿತು. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ಸಿನ ನಗರಾಡಳಿತವು ಮಾರ್ಚ್ ತಿಂಗಳಲ್ಲಿ ರಷ್ಯಾದ ರಾಯಭಾರ ಕಚೇರಿಯ ಮುಂದಿನ ಬೀದಿಗೆ ‘ಯುಕ್ರೇನಿನ ವೀರರ ಬೀದಿ’ ಎಂದು ಹೆಸರಿಟ್ಟಿತು.

ದೀಪ ಹಚ್ಚಿದರೆ ಫಿರಂಗಿ ನಿಂತೀತೆ ಎಂದು ನಕ್ಕವರೂ ಉಂಟು. ಆ ನಗು ಉಚಿತವೆಂದು ನನಗೆ ತೋರುವುದಿಲ್ಲ. ಸಾವಿನ ಮನೆಗೆ ಹೋಗಿ ಆಡುವ ಎರಡು ಮಾತು ಸತ್ತವರನ್ನು ಬದುಕಿಸದು. ಆದರೂ ನಾವು ಹೋಗುತ್ತೇವೆ, ಹೋಗದಿರುವುದು ಅಧರ್ಮವೆನ್ನುತ್ತೇವೆ. ನುಡಿಗೂ ಬೆಲೆಯುಂಟು. ಆದರೆ ಶರಣಧರ್ಮವು ನುಡಿಯನ್ನು ಒಂದು ಸಾಲವೆಂದೇ ಎಣಿಸುತ್ತದೆ. ಆಡಿದವನು ಅದನ್ನು ನಡೆಯಿಂದ ತೀರಿಸಬೇಕು. ಆ ಸಾಲವನ್ನು ತೀರಿಸಲು ಹೊರಟ ಒಂದು ಸಣ್ಣ ಊರಿನ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ.

ಪೋಲೆಂಡಿನ ಆಗ್ನೇಯ ಮೂಲೆಯಲ್ಲಿ, ಯುಕ್ರೇನಿನ ಗಡಿಯಿಂದ 15 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಪ್ಶೆಮಿಶ್ಲ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 60,000. ಯುಕ್ರೇನಿನ ರೈಲು ಹಳಿಗಳ ಅಗಲ 1,520 ಮಿಲಿಮೀಟರ್, ಪೋಲೆಂಡಿನದು 1,435. ಅಗಲ ಹಳಿಯ ಒಂದು ಮಾರ್ಗ ಗಡಿ ದಾಟಿ ಈ ಊರಿನ ನಿಲ್ದಾಣದವರೆಗೂ ಬರುತ್ತದೆ. ಮುಂದೆ ಹೋಗುವವರು ಇಲ್ಲಿಳಿದು ಬೇರೆ ರೈಲು ಹಿಡಿಯಬೇಕು. ಆದಕಾರಣ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಮೊದಲು ಕಾಲಿಟ್ಟದ್ದು ಇದೇ ಊರಿನಲ್ಲಿ. ಮೊದಲ ಒಂದೇ ತಿಂಗಳಲ್ಲಿ ಪೋಲೆಂಡಿಗೆ ಬಂದವರು 20 ಲಕ್ಷಕ್ಕೂ ಅಧಿಕ. ಅವರಲ್ಲಿ ಬಹುಪಾಲು ತಾಯಂದಿರು, ಮಕ್ಕಳು, ವೃದ್ಧರು. 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ.

ನಗರಾಡಳಿತವು ಮುಚ್ಚಿಹೋಗಿದ್ದ ಟೆಸ್ಕೊ ಮಾರಾಟ ಮಳಿಗೆಯ ವಿಶಾಲ ಕಟ್ಟಡವನ್ನು ಆಶ್ರಯಧಾಮವಾಗಿ ಮಾರ್ಪಡಿಸಿತು. ಸಾಮಾನು ಜೋಡಿಸಿಡುತ್ತಿದ್ದ ಕಡೆ ಮಂಚಗಳು ಬಂದವು. ಬಿಸಿ ಊಟ, ಔಷಧಿ, ಮುಂದಿನ ಊರಿಗೆ ವಾಹನ ಎಲ್ಲವೂ ಅಲ್ಲಿ ದೊರೆತವು. ಮಾರ್ಚ್ 12ರಂದು ಪೋಲೆಂಡ್ ಸರ್ಕಾರ ತಂದ ವಿಶೇಷ ಕಾಯಿದೆಯು ಯುಕ್ರೇನಿನಿಂದ ಬಂದವರಿಗೆ ವಾಸ, ಚಿಕಿತ್ಸೆ, ಶಿಕ್ಷಣಗಳ ಹಕ್ಕನ್ನು ನೀಡಿತು. ಅನ್ನ, ಆಶ್ರಯ, ಅಕ್ಷರ: ನಾವು ತ್ರಿವಿಧ ದಾಸೋಹವೆಂದು ಕರೆಯುವುದಾದರೂ ಇದನ್ನೇ ಅಲ್ಲವೆ?

ಈ ಕಾರ್ಯದ ಘನತೆಯನ್ನು ಅರಿಯಬೇಕಾದರೆ ಹಿಂದಿನದನ್ನು ತಿಳಿಯಬೇಕು. ಪೋಲಿಷರಿಗೂ ಯುಕ್ರೇನಿಯರಿಗೂ ಇದ್ದ ಹಗೆ ಸಾಮಾನ್ಯವಾದುದಲ್ಲ. 1943ರಲ್ಲಿ ವೊಲಿನ್ ಪ್ರಾಂತದಲ್ಲಿ ಯುಕ್ರೇನಿ ರಾಷ್ಟ್ರೀಯವಾದಿ ಪಡೆಗಳು ಹತ್ತಾರು ಸಾವಿರ ಪೋಲಿಷರನ್ನು ಕೊಂದವು. 1947ರಲ್ಲಿ ಪೋಲೆಂಡ್ ಸರ್ಕಾರವು ತನ್ನ ಆಗ್ನೇಯ ಭಾಗದಿಂದ ಸುಮಾರು 1,40,000 ಯುಕ್ರೇನಿ ಮೂಲದವರನ್ನು ಬಲವಂತವಾಗಿ ಒಕ್ಕಲೆಬ್ಬಿಸಿ ದೇಶದ ಬೇರೆಡೆ ಚದುರಿಸಿತು. 2016ರಲ್ಲಿ ಇದೇ ಪ್ಶೆಮಿಶ್ಲ್‌ನಲ್ಲಿ ಯುಕ್ರೇನಿ ಕ್ರೈಸ್ತರ ಧಾರ್ಮಿಕ ಮೆರವಣಿಗೆಯ ಮೇಲೆ ಹಲ್ಲೆ ನಡೆದಿತ್ತು. ಅಂತಹ ಊರು ಆರೇ ವರ್ಷಗಳಲ್ಲಿ ಅದೇ ಜನಾಂಗದ ತಾಯಿಗೆ ಹಾಸಿಗೆ ಹಾಸಿತು. ಮಿತ್ರನಿಗೆ ಇಕ್ಕುವ ಅನ್ನ ಸುಲಭ. ಹಳೆಯ ಲೆಕ್ಕವನ್ನು ಬದಿಗಿಟ್ಟು ಇಕ್ಕುವ ಅನ್ನವೇ ಕಠಿಣ.

2022ರ ಮಾರ್ಚ್ 8ರಂದು ಇಟಲಿಯ ರಾಜಕೀಯ ಮುಖಂಡ ಮತ್ತೆಯೊ ಸಾಲ್ವಿನಿ ಅವರು ಸಹಾನುಭೂತಿ ತೋರಿಸಲು ಆ ರೈಲು ನಿಲ್ದಾಣಕ್ಕೆ ಬಂದರು. ನಗರಾಧ್ಯಕ್ಷ ವೊಯ್ಚೆಖ್ ಬಾಕುನ್ ಅವರು ಪತ್ರಕರ್ತರೆದುರಿಗೇ ಒಂದು ಅಂಗಿಯನ್ನು ಬಿಡಿಸಿ ತೋರಿಸಿದರು. ಅದರ ಮೇಲೆ ಇದ್ದದ್ದು ಪುಟಿನ್ ಅವರ ಚಿತ್ರ. ಅಂತಹುದೇ ಅಂಗಿಯನ್ನು ಸಾಲ್ವಿನಿ ಅವರು ಹಿಂದೊಮ್ಮೆ ಹೆಮ್ಮೆಯಿಂದ ತೊಟ್ಟಿದ್ದರು. ನಿಮ್ಮ ಮಿತ್ರನು ಮಾಡಿದ್ದೇನೆಂಬುದನ್ನು ನಿರಾಶ್ರಿತರ ಶಿಬಿರಕ್ಕೆ ಬಂದು ನೋಡಿ ಎಂಬುದು ಅಧ್ಯಕ್ಷರ ಮಾತಿನ ಭಾವ. ನುಡಿ ಒಂದು ಕಡೆ, ನಡೆ ಇನ್ನೊಂದು ಕಡೆ ಇದ್ದವರಿಗೆ ಆ ಊರು ಕೊಟ್ಟ ಉತ್ತರವದು.

ಆದರೆ ಬಂಧುಗಳೇ, ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧಸತ್ಯವಾದೀತು. ಅದೇ ಮಾರ್ಚ್ ತಿಂಗಳ ಆರಂಭದಲ್ಲಿ ಅದೇ ಊರಿನಲ್ಲಿ ಕೆಲವು ಪುಂಡರು ಕಪ್ಪು, ಕಂದು ಮೈಬಣ್ಣದ ನಿರಾಶ್ರಿತರ ಮೇಲೆ ಕೈಮಾಡಿದರು. ಪೆಟ್ಟು ತಿಂದವರಲ್ಲಿ ಭಾರತೀಯರೂ ಇದ್ದರು. ಯುಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಮಕ್ಕಳ ಸಂಕಟ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದನು. ‘ಆಪರೇಷನ್ ಗಂಗಾ’ ಮೂಲಕ ಸುಮಾರು 22,500 ಭಾರತೀಯರು ಮರಳಿದರು. ಅವರಲ್ಲಿ ಅನೇಕರು ಪೋಲೆಂಡಿನ ಗಡಿಯನ್ನೇ ದಾಟಿ, ಅಲ್ಲಿನ ಝೆಶೂಫ್ ವಿಮಾನ ನಿಲ್ದಾಣದಿಂದ ಊರು ಸೇರಿದರು. ಆ ನೆಲದ ಆತಿಥ್ಯವನ್ನೂ ಏಟನ್ನೂ ನಮ್ಮವರು ಕಂಡಿದ್ದಾರೆ.

ಕಾಲ ಕಳೆದಂತೆ ಕರುಣೆಯೂ ದಣಿಯಿತು. 2023ರ ನವೆಂಬರಿನಲ್ಲಿ ಪೋಲಿಷ್ ಲಾರಿ ಮಾಲೀಕರು, ಆಮೇಲೆ ರೈತರು, ತಮ್ಮ ಜೀವನೋಪಾಯಕ್ಕೆ ಧಕ್ಕೆಯಾಯಿತೆಂದು ಯುಕ್ರೇನಿನ ಗಡಿಯ ದಾರಿಗಳನ್ನೇ ತಡೆದರು. ಪ್ಶೆಮಿಶ್ಲ್‌ನ ಪಕ್ಕದ ಮೆದಿಕಾ ಗಡಿದ್ವಾರವೂ ಅದರಲ್ಲಿ ಸೇರಿತ್ತು. ಅವರ ಕಷ್ಟವೂ ಸುಳ್ಳಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಭಾವವಿರುತ್ತದೆ. ಕೊಟ್ಟವನಿಗೆ ಬೇಸರವಾದೊಡನೆ ಅದು ನಿಲ್ಲುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಬಂದವನ ಕುಲ, ಬಣ್ಣ, ಹಳೆಯ ಹಗೆ ಯಾವುದನ್ನೂ ಕೇಳುವ ಅಧಿಕಾರ ಅವನಿಗಿಲ್ಲ. ಇಂದು ಸಾಕಾಯಿತೆಂದು ಒಲೆ ಆರಿಸುವ ಅಧಿಕಾರವೂ ಇಲ್ಲ. ವ್ಯಕ್ತಿಗೇ ದುಸ್ತರವಾದ ಈ ವ್ರತವನ್ನು ಒಂದು ಊರು ಪೂರ್ಣವಾಗಿ ಪಾಲಿಸಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ದೂರ ನಡೆದುದೇ ದೊಡ್ಡದು.

ಯುದ್ಧದ ರಾಜಕಾರಣದಲ್ಲಿ ನಮ್ಮ ನಮ್ಮಲ್ಲೇ ಭಿನ್ನಾಭಿಪ್ರಾಯಗಳಿರಬಹುದು. ರೈಲಿನಿಂದಿಳಿದ ಮಗುವಿಗೆ ಆ ವಾದಗಳು ತಿಳಿಯವು. ಅದಕ್ಕೆ ತಿಳಿಯುವುದು ಹಸಿವು, ಚಳಿ. ನೆರೆಯೋ ಬರವೋ ಬಂದು ಪರಊರಿನ ಸಂಸಾರವೊಂದು ನಮ್ಮ ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ಇಳಿದ ದಿನ, ನಮ್ಮ ಸಮಾಜದ ಕಲ್ಯಾಣಮಂಟಪದ ಬೀಗದ ಕೈ ಯಾರ ಬಳಿ ಇದೆ, ಎಷ್ಟು ಹೊತ್ತಿನಲ್ಲಿ ಬಾಗಿಲು ತೆರೆದೀತು ಎಂಬುದನ್ನು ಪ್ರತಿಯೊಂದು ಊರಿನ ಶರಣರೂ ಇಂದೇ ವಿಚಾರಿಸಿಟ್ಟುಕೊಳ್ಳುವುದು ಲೇಸು.