ಸೇನಾ ಪೊಲೀಸರ ಶಾಲೆಯೂ ನಮ್ಮ ಮೂರು ತಾಲ್ಲೂಕುಗಳೂ

ಕೆಲವು ದಿನಗಳ ಹಿಂದೆ ಜೇವರ್ಗಿ ಸೀಮೆಯ ಒಕ್ಕಲುತನದ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಹತ್ತನೆಯ ಇಯತ್ತೆಯನ್ನು ಮುಗಿಸಿದ ಮಗಳು ಅವರ ಬೆನ್ನ ಹಿಂದೆ ನಿಂತಿದ್ದಳು. ಭೂಸೇನೆಯ ಮಿಲಿಟರಿ ಪೊಲೀಸ್ ದಳಕ್ಕೆ ಹೆಣ್ಣುಮಕ್ಕಳನ್ನು ಅಗ್ನಿವೀರರನ್ನಾಗಿ ಭರತಿ ಮಾಡಿಕೊಳ್ಳುವ ಪ್ರಕಟನೆಯ ಪ್ರತಿಯೊಂದನ್ನು ಮೇಜಿನ ಮೇಲೆ ಹರವಿ, “ಸಾಹೇಬರ, ಇದು ಪೊಲೀಸ್ ನೌಕರಿಯೇನ್ರಿ, ಮಿಲಿಟರಿ ನೌಕರಿಯೇನ್ರಿ? ಎರಡೂ ಅಂದ್ರ ಹ್ಯಾಂಗ್ರಿ?” ಎಂದು ಕೇಳಿದರು. ಪ್ರಶ್ನೆಯು ನೋಟಕ್ಕೆ ಸರಳವಾದುದು. ಉತ್ತರ ಹೇಳತೊಡಗಿದಾಗ ಮಾತ್ರ ಅದು ನಮ್ಮ ಸೀಮೆಯ ಹಳೆಯ ಗಾಯವೊಂದನ್ನೂ ಹೊಸ ಲಜ್ಜೆಯೊಂದನ್ನೂ ಮುಟ್ಟುವದೆಂದು ನಮಗೆ ಹೊಳೆಯಿತು. ಅವರಿಗೆ ಹೇಳಿದ ಉತ್ತರವನ್ನು ಕೊಂಚ ವಿಸ್ತರಿಸಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಹಾಜನರ ಮುಂದೆ ಇಲ್ಲಿ ಇಡುತ್ತೇವೆ.

ಮಿಲಿಟರಿ ಪೊಲೀಸರೆಂದರೆ ಜನರನ್ನು ಕಾಯುವ ಪೊಲೀಸರಲ್ಲ. ದಂಡನ್ನೇ ಕಾಯುವ ಪೊಲೀಸರು. ದಂಡಿನೊಳಗೆ ಶಿಸ್ತು ಕೆಡದಂತೆ ನೋಡುವದು, ಛಾವಣಿಯ ದಾರಿಗಳಲ್ಲಿ ವಾಹನಗಳನ್ನು ತಡೆದು ವಿಚಾರಿಸುವದು, ಸೈನ್ಯವು ಮುಂದೆ ಸಾಗುವಾಗ ಲಾರಿಗಳ ಸಾಲು ಕೆಡದಂತೆ ದಾರಿ ತೋರಿಸುವದು, ಸೆರೆಸಿಕ್ಕ ಶತ್ರುಸೈನಿಕರನ್ನು ನಿಯಮದಂತೆ ಕಾಯುವದು, ಸೈನಿಕನೇ ಅಪರಾಧ ಮಾಡಿದಲ್ಲಿ ಅವನನ್ನು ಹಿಡಿದು ತನಿಖೆ ನಡೆಸುವದು, ಇವು ಅವರ ಕೆಲಸ. ಕೆಂಪು ಟೋಪಿ, ಬಿಳಿಯ ನಡುಪಟ್ಟಿ ಅವರ ಗುರುತು. ‘ಸೇವಾ ತಥಾ ಸಹಾಯತಾ’ ಎಂಬದು ದಳದ ಧ್ಯೇಯವಾಕ್ಯ. ಇವರನ್ನು ತಯಾರಿಸುವ ಕೇಂದ್ರವೂ ಶಾಲೆಯೂ ನಮ್ಮ ಬೆಂಗಳೂರಿನಲ್ಲಿಯೇ ಇರುವದು. ಬೆಂಗಳೂರಿಗರಿಗೆ ಆ ಶಾಲೆಯ ‘ಶ್ವೇತ ಅಶ್ವ’ ಮೋಟಾರ ಸೈಕಲ್ ತಂಡದ ಕಸರತ್ತು ಪರಿಚಿತವಾದುದು. ಹತ್ತಾರು ಜನ ಒಂದೇ ಗಾಡಿಯ ಮೇಲೆ ಗೋಪುರ ಕಟ್ಟಿ ಹೋಗುವದನ್ನು ನೋಡಿ ಚಪ್ಪಾಳೆ ತಟ್ಟುವವರು, ಆ ಶಾಲೆಯ ನಿಜವಾದ ಕಠಿನ ಪಾಠ ಬೇರೆಯೇ ಇರುವದೆಂಬದನ್ನು ತಿಳಿಯರು.

ಆ ಪಾಠದ ತಿರುಳು ೧೯೫೦ರ ಸೇನಾ ಅಧಿನಿಯಮದ ೧೦೭ನೆಯ ಕಲಮಿನಲ್ಲಿದೆ. ದಳದ ಮುಖ್ಯಸ್ಥರಾದ ಪ್ರೊವೋಸ್ಟ್ ಮಾರ್ಷಲರಿಗೂ, ಅವರ ಕೈಕೆಳಗೆ ನ್ಯಾಯವಾಗಿ ಕೆಲಸ ಮಾಡುವವರಿಗೂ, ಅಪರಾಧ ಮಾಡಿದ ಸೈನಿಕನನ್ನು ಹಿಡಿದಿಡುವ ಅಧಿಕಾರವನ್ನು ಆ ಕಲಮು ಕೊಡುತ್ತದೆ. ಕೊಟ್ಟ ಕ್ಷಣದಲ್ಲಿಯೇ ಎರಡು ಗೆರೆಗಳನ್ನೂ ಎಳೆಯುತ್ತದೆ. ಹಿಡಿದವನು ತನ್ನ ಸ್ವಂತ ಅಧಿಕಾರದಿಂದ ಯಾವ ಶಿಕ್ಷೆಯನ್ನೂ ಕೊಡಕೂಡದೆಂಬದು ಒಂದು. ಸೇನಾಧಿಕಾರಿಯನ್ನು ಹಿಡಿಯಬೇಕಾದರೆ ಇನ್ನೊಬ್ಬ ಅಧಿಕಾರಿಯ ಆಜ್ಞೆ ಬೇಕೆಂಬದು ಎರಡನೆಯದು. ಮೊದಲನೆಯ ಗೆರೆಯನ್ನು ನಮ್ಮ ಊರಿನ ಪ್ರತಿಯೊಂದು ಪೊಲೀಸ್ ಠಾಣೆಯ ಗೋಡೆಯ ಮೇಲೆ ಬರೆಯಿಸಿದರೆ ಒಳ್ಳೆಯದಾದೀತು. ಲಾಠಿಯನ್ನೇ ನ್ಯಾಯಾಲಯವೆಂದು ತಿಳಿದವರು ಎಲ್ಲಿಯೂ ಇದ್ದಾರೆ. ಎರಡನೆಯ ಗೆರೆಯ ವಿಷಯವಾಗಿ ಮುಂದೆ ಹೇಳುವೆವು. ಶಾಲೆಯ ನಾಯಕತ್ವದ ಪ್ರಶ್ನೆ ಅಲ್ಲಿಯೇ ನಿಂತಿರುವದು.

ದಂಡಿಗೆ ಪೊಲೀಸರು ಏಕೆ ಬೇಕು ಎಂಬದನ್ನು ನಮ್ಮ ಮೂರು ತಾಲ್ಲೂಕುಗಳ ವೃದ್ಧರಿಗೆ ಪುಸ್ತಕದಿಂದ ತಿಳಿಸಬೇಕಾದುದಿಲ್ಲ. ನಿಜಾಮರ ರಾಜ್ಯದ ಗುಲಬರ್ಗಾ ಜಿಲ್ಲೆಗೆ ಸೇರಿದ ಈ ಸೀಮೆಯು ರಜಾಕಾರರನ್ನು ಕಂಡಿತು. ಅವರಿಗೂ ಸಮವಸ್ತ್ರವಿದ್ದಿತು, ಕವಾಯತಿದ್ದಿತು, ಕಾಸಿಂ ರಜವಿಯಂಥ ಮುಂದಾಳೂ ಇದ್ದನು. ಅವರೊಳಗೆ ಒಬ್ಬನು ಊರು ಸುಡಹೊರಟರೆ “ನಿಲ್ಲು” ಎನ್ನುವ ಇನ್ನೊಬ್ಬನು ಮಾತ್ರ ಇರಲಿಲ್ಲ. ಕಾನೂನಿನ ಹಿಡಿತವಿಲ್ಲದ ಸಮವಸ್ತ್ರವು ದರೋಡೆಗಿಂತ ಹೆಚ್ಚು ಭಯಂಕರವಾದುದು. ದರೋಡೆಕೋರನಿಗೆ ತಾನು ತಪ್ಪು ಮಾಡುತ್ತಿರುವೆನೆಂಬ ಅಳುಕಾದರೂ ಇರುತ್ತದೆ. ೧೯೪೮ರ ಸೆಪ್ಟೆಂಬರ ೧೩ರಂದು ಭಾರತದ ಸೈನ್ಯವು ಒಳಹೊಕ್ಕು, ೧೭ರಂದು ನಿಜಾಮರು ಶರಣಾಗತರಾದರು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರು ಮಿಲಿಟರಿ ಗವರ್ನರರಾದರು. ಜನರು ಸೈನ್ಯವನ್ನು ಆರತಿಯೆತ್ತಿ ಬರಮಾಡಿಕೊಂಡರು. ಆ ಆನಂದವು ಸತ್ಯವಾದುದು.

ಅದರ ಮುಂದಿನ ವಾರಗಳ ಕಥೆಯೂ ಸತ್ಯವಾದುದು. ಸೆಪ್ಟೆಂಬರ ೧೭ರ ಉತ್ಸವಗಳಲ್ಲಿ ಯಾರೂ ಅದನ್ನು ಆಡುವದಿಲ್ಲವಾದ್ದರಿಂದ ನಾವಾದರೂ ಆಡಬೇಕು. ಆ ವರ್ಷದ ಕೊನೆಗೆ ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಮಂಡಲಿಯು ಈ ಪ್ರಾಂತದಲ್ಲಿ ಸಂಚರಿಸಿ, ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳಲ್ಲಿ ಅತ್ಯಂತ ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ, ಬೀದರ, ನಾಂದೇಡಗಳೊಡನೆ ನಮ್ಮ ಗುಲಬರ್ಗೆಯನ್ನೂ ಹೆಸರಿಸಿತು. ಇಡಿಯ ರಾಜ್ಯದಲ್ಲಿ ಸತ್ತವರು ೨೭ ಸಾವಿರದಿಂದ ೪೦ ಸಾವಿರವೆಂದು ಅದರ ಅಂದಾಜು. ಕೆಲವು ಕಡೆ ಸೈನಿಕರೂ ಪೊಲೀಸರೂ ಸುಲಿಗೆಯಲ್ಲಿ, ಕೊಲೆಯಲ್ಲಿ ಸಹ, ಪಾಲುಗೊಂಡರೆಂದೂ, ಬೇರೆ ಅನೇಕ ಕಡೆ ಅದೇ ಸೈನ್ಯವು ಮುಸಲ್ಮಾನರನ್ನು ರಕ್ಷಿಸಿತೆಂದೂ ಎರಡನ್ನೂ ಮಂಡಲಿಯು ಬರೆಯಿತು. ಬಹುಕಾಲ ಕಪಾಟಿನಲ್ಲಿದ್ದ ಆ ವರದಿಯು ದಿಲ್ಲಿಯ ನೆಹರು ಸ್ಮಾರಕ ಗ್ರಂಥಾಲಯದಲ್ಲಿ ಜನರ ಕಣ್ಣಿಗೆ ಬಿದ್ದುದು ೨೦೧೩ರಲ್ಲಿ. ರಜಾಕಾರರ ಪಾಪವನ್ನು ಲೆಕ್ಕ ಹಾಕಿ ಇದನ್ನು ಬಿಟ್ಟುಬಿಡುವದು ರಾಷ್ಟ್ರಾಭಿಮಾನವಲ್ಲ. ಒಂದೇ ಸೈನ್ಯ, ಒಂದೇ ಸಮವಸ್ತ್ರ, ಒಂದೇ ವಾರ. ಒಂದು ಊರಿನಲ್ಲಿ ರಕ್ಷಕ, ಮತ್ತೊಂದು ಊರಿನಲ್ಲಿ ಭಕ್ಷಕ. ತಡೆಯಬಲ್ಲ ಅಧಿಕಾರಿಯು ಆ ಸ್ಥಳದಲ್ಲಿದ್ದನೋ ಇಲ್ಲವೋ, ಇದ್ದು ತಡೆದನೋ ಇಲ್ಲವೋ ಎಂಬದರಿಂದಲೇ ಈ ಭೇದವುಂಟಾಯಿತೆಂದು ನಾವು ನಂಬುತ್ತೇವೆ. ಮಿಲಿಟರಿ ಪೊಲೀಸರ ಶಾಲೆ ಇರುವದು ಆ ತಡೆಯುವವನನ್ನು ತಯಾರಿಸುವದಕ್ಕಾಗಿ.

ಈಗ ನಾಯಕತ್ವದ ಮಾತು. ಸಿಪಾಯಿಯೊಬ್ಬನು ಇನ್ನೊಬ್ಬ ಸಿಪಾಯಿಯನ್ನು ಹಿಡಿಯಬಹುದು. ಅಧಿಕಾರಿಯನ್ನು ಹಿಡಿಯಲು ಮತ್ತೊಬ್ಬ ಅಧಿಕಾರಿಯ ಆಜ್ಞೆ ಬೇಕೆಂದೆವಷ್ಟೆ. ಹೀಗಿರುವಲ್ಲಿ ಆ ಸಿಪಾಯಿಯ ಧೈರ್ಯವೆಲ್ಲ ಮೇಲಿನವರ ಬೆಂಬಲದ ಮೇಲೆ ನಿಂತಿರುವದು. ರಾತ್ರಿಯ ಹೊತ್ತು ಛಾವಣಿಯ ನಾಕೆಯಲ್ಲಿ ದೊಡ್ಡವರೊಬ್ಬರ ಮೋಟಾರನ್ನು ತಡೆದ ಹುಡುಗನು ಮರುದಿನ ಬೈಗುಳ ತಿಂದರೆ, ಮುಂದೆ ಆತನು ಯಾವ ಮೋಟಾರನ್ನೂ ತಡೆಯನು. “ನೀನು ಮಾಡಿದ್ದು ಸರಿ” ಎಂಬ ಮಾತು ಬಂದರೆ ಜನ್ಮವಿಡೀ ತಡೆಯುವನು. ಕವಾಯತು, ಕಾನೂನು, ಗಾಡಿ ನಡೆಸುವ ವಿದ್ಯೆಗಳನ್ನು ಯಾವ ಬೋಧಕರೂ ಕಲಿಸಿಯಾರು. ನಿನ್ನ ಹಿಂದೆ ನಾವಿದ್ದೇವೆ ಎಂಬ ನಂಬಿಕೆಯನ್ನು ಶಾಲೆಯ ಕಮಾಂಡೆಂಟರೊಬ್ಬರೇ ಕೊಡಬಲ್ಲರು. ಅದನ್ನು ಮಾತಿನಿಂದಲ್ಲ, ದಿನದ ನಡೆವಳಿಕೆಯಿಂದ ಕೊಡಬೇಕಾಗುತ್ತದೆ.

ಈ ಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದುದು ಇತ್ತೀಚೆಗೆ. ೨೦೧೯ರ ಜನವರಿಯಲ್ಲಿ ಆಗಿನ ರಕ್ಷಣಾ ಮಂತ್ರಿಗಳಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು, ದಳದ ಶೇಕಡಾ ೨೦ ಭಾಗವನ್ನು ಹಂತಹಂತವಾಗಿ ಸ್ತ್ರೀಯರಿಂದ ತುಂಬುವ ನಿರ್ಣಯವನ್ನು ಸಾರಿದರು. ಅಧಿಕಾರಿಗಳಾಗಿ ಸೇನೆಯಲ್ಲಿ ಸ್ತ್ರೀಯರು ಮೊದಲೇ ಇದ್ದರು. ಸಿಪಾಯಿಯ ದರ್ಜೆಯಲ್ಲಿ ಇದೇ ಮೊದಲು. ೨೦೨೦ರ ಜನವರಿಯಲ್ಲಿ ಆರಂಭವಾದ ಮೊದಲ ತಂಡದ ೮೩ ತರುಣಿಯರು ೬೧ ವಾರಗಳ ಶಿಕ್ಷಣವನ್ನು ಮುಗಿಸಿ ೨೦೨೧ರ ಮೇ ೮ರಂದು ಬೆಂಗಳೂರಿನ ದ್ರೋಣಾಚಾರ್ಯ ಮೈದಾನದಲ್ಲಿ ಪ್ರತಿಜ್ಞೆ ತೊಟ್ಟರು. ಕೋವಿಡ್ ಪಿಡುಗಿನ ದಿನಗಳಾದ್ದರಿಂದ ಸಮಾರಂಭವು ಸದ್ದಿಲ್ಲದೆ ನಡೆಯಿತು. ಇದನ್ನು ಕೇವಲ ಸ್ತ್ರೀಸಮಾನತೆಯ ಅಲಂಕಾರವೆಂದು ತಿಳಿದವರು ೧೯೪೮ನ್ನು ಮತ್ತೊಮ್ಮೆ ನೆನೆಯಬೇಕು. ಊರೊಂದನ್ನು ಸೈನ್ಯವು ಸುತ್ತುಗಟ್ಟಿ ಶೋಧಿಸುವಾಗ ಮನೆಯೊಳಗಿನ ಹೆಂಗಸನ್ನು ಯಾರು ಮಾತನಾಡಿಸಬೇಕು, ಸೈನಿಕನ ಮೇಲೆ ಹೆಂಗಸೊಬ್ಬಳು ದೂರು ಕೊಟ್ಟರೆ ಅದನ್ನು ಯಾರು ಕೇಳಿಕೊಳ್ಳಬೇಕು?

ನಮ್ಮ ಮಗ್ಗುಲಲ್ಲಿಯೂ ಒಂದು ಶಾಲೆ ಇರುವದು. ಅದು ಕಲಬುರಗಿಗೆ ಸಮೀಪದ ನಾಗನಹಳ್ಳಿಯ ಪೊಲೀಸ್ ತರಬೇತಿ ಮಹಾವಿದ್ಯಾಲಯ. ಅದು ನಾಗರಿಕ ಪೊಲೀಸರದು, ಮಿಲಿಟರಿಯದಲ್ಲ. ಆದರೂ ಸಮವಸ್ತ್ರಕ್ಕೆ ಕಾನೂನನ್ನು ಕಲಿಸುವ ಉದ್ದೇಶ ಒಂದೇ. ಪೊಲೀಸ್ ಶಿಕ್ಷಣವನ್ನು ವಿಚಾರಿಸಲು ೧೯೭೧ರಲ್ಲಿ ಪ್ರೊ. ಎಂ. ಎಸ್. ಗೋರೆಯವರ ಸಮಿತಿಯು ನೇಮಕವಾದಂದಿನಿಂದ ಇಂದಿನವರೆಗೆ ಒಂದೇ ದೂರು ಕೇಳಿಬರುತ್ತಿದೆ: ತರಬೇತಿ ಶಾಲೆಗೆ ವರ್ಗವಾಗುವದನ್ನು ನಮ್ಮ ದೇಶದ ಪೊಲೀಸ್ ಅಧಿಕಾರಿವರ್ಗದವರು ಶಿಕ್ಷೆಯೆಂದು ಎಣಿಸುತ್ತಾರೆ. ಯಾವ ಮಂತ್ರಿಗೋ ಬೇಡವಾದವರು ಅಲ್ಲಿಗೆ ಹೋಗುವರು. ಹೋದ ದಿನದಿಂದ ಹಿಂದಿರುಗುವ ದಾರಿಯನ್ನೇ ನೋಡುತ್ತಿರುವರು. ಮನಸ್ಸು ಮುರಿದ ಗುರುವಿನ ಕೈಯಲ್ಲಿ ಶಿಷ್ಯನು ಏನು ಕಲಿತಾನು? ಇದು ನಾಗನಹಳ್ಳಿಯೊಂದರ ಮಾತಲ್ಲ. ದೇಶದ ಇಡೀ ಪದ್ಧತಿಯ ದೋಷ.

ಅದಕ್ಕೂ ಹಿರಿದಾದ ದೋಷವು ಶಾಲೆಯ ಬಾಗಿಲಿಗೂ ಹೊರಗೆ ಇದ್ದಿತು. ೨೦೨೧ರ ಅಕ್ಟೋಬರ ೩ರಂದು ೫೪೫ ಪೊಲೀಸ್ ಸಬ್-ಇನ್ಸ್‌ಪೆಕ್ಟರ್ ಸ್ಥಾನಗಳಿಗಾಗಿ ನಡೆದ ಪರೀಕ್ಷೆಯ ಹಗರಣವು ಕಲಬುರಗಿಯ ಶಾಲೆಯೊಂದರ ಪರೀಕ್ಷಾ ಕೇಂದ್ರದಿಂದಲೇ ಬಯಲಾಯಿತು. ಅಫಜಲಪುರ ತಾಲ್ಲೂಕಿನವರ ಹೆಸರುಗಳು ಆರೋಪಿಗಳ ಪಟ್ಟಿಯ ಮೇಲ್ತುದಿಯಲ್ಲಿ ಬಂದವು. ೨೦೨೨ರ ಏಪ್ರಿಲಿನಲ್ಲಿ ಸರಕಾರವು ಪರೀಕ್ಷೆಯನ್ನು ರದ್ದುಪಡಿಸಿತು. ಜುಲೈಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆಯುವಾಗ ೨೦೨೪ರ ಜನವರಿ ಬಂದಿತ್ತು. ನಡುವೆ ೨೦೨೩ರ ಅಕ್ಟೋಬರದಲ್ಲಿ ನಿಗಮ ಮಂಡಳಿಗಳ ಪರೀಕ್ಷೆಯಲ್ಲಿ ಅಫಜಲಪುರದಲ್ಲಿಯೂ ಕಿವಿಯಲ್ಲಿ ಬ್ಲೂಟೂತ್ ಯಂತ್ರವಿಟ್ಟುಕೊಂಡವರು ಸಿಕ್ಕಿಬಿದ್ದರು. ನ್ಯಾಯಾಲಯವು ನಿರ್ಣಯಿಸುವ ಮುನ್ನ ಯಾರನ್ನೂ ನಾವು ಅಪರಾಧಿಯೆನ್ನೆವು. ಆದರೆ ಫೌಜದಾರನ ಸ್ಥಾನವನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ವಸ್ತುವೆಂದು ಬಗೆದವನಿಗೆ, ಸ್ವಂತ ಅಧಿಕಾರದಿಂದ ಶಿಕ್ಷೆ ಕೊಡಕೂಡದೆಂಬ ಪಾಠವನ್ನು ಎಂಥ ಕಮಾಂಡೆಂಟರೂ ಕಲಿಸಲಾರರು. ಕೊಟ್ಟ ಹಣವನ್ನು ಆತನು ವಸೂಲು ಮಾಡಲೇಬೇಕಲ್ಲ!

ಇದೇ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವೂ ಉಂಟು. ೨೦೨೩ರ ಜೂನದಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್ಸ್‌ಟೇಬಲರೊಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರನ್ನು ತಡೆಯಹೋಗಿ ಅದರ ಚಕ್ರದಡಿ ಪ್ರಾಣ ತೆತ್ತರು. ಆಳಂದದ ಲಾಡ್ಲೆ ಮಶಾಯಖ ದರ್ಗಾದ ಆವರಣದಲ್ಲಿರುವ ರಾಘವಚೈತನ್ಯ ಲಿಂಗದ ಪೂಜೆಯ ಸಂಬಂಧವಾಗಿ ೨೦೨೨ರ ಶಿವರಾತ್ರಿಯಂದು ಕಲ್ಲುಗಳು ಹಾರಿದವು. ೨೦೨೫ರಲ್ಲಿ ಹೈಕೋರ್ಟಿನ ಅಪ್ಪಣೆಯಂತೆ ೧೫ ಜನರು ಪೂಜೆ ಸಲ್ಲಿಸಿದರು. ಅಂಥ ದಿನ ಅಲ್ಲಿ ನಿಲ್ಲುವ ಪೇದೆಗೂ ಒಂದು ಜಾತಿ, ಒಂದು ದೇವರು ಇರುವದು. ತನ್ನವರ ಎದೆಗೇ ಕೈಯೊಡ್ಡಿ “ಇಲ್ಲಿಂದ ಮುಂದಕ್ಕೆ ಬೇಡ” ಎನ್ನುವದು ಆತನ ಕರ್ತವ್ಯ. ಬೆಂಗಳೂರಿನ ಶಾಲೆಯ ಪಾಠವೇ ಇದು. ಆಳಂದದಲ್ಲಿ ಇದಕ್ಕೆ ಬೆಲೆ ಹೆಚ್ಚು.

ಸರಕಾರಕ್ಕೆ ನಮ್ಮ ಒಂದು ಸೂಚನೆ ಇದೆ. ಅಗ್ನಿಪಥ ಪದ್ಧತಿಯಲ್ಲಿ ನಾಲ್ಕು ವರ್ಷಗಳ ಸೇವೆಯ ತರುವಾಯ ಗರಿಷ್ಠ ಶೇಕಡಾ ೨೫ ಜನರನ್ನು ಮಾತ್ರ ಸೇನೆಯು ಉಳಿಸಿಕೊಳ್ಳುವದು. ಬಂದೂಕು ಹಿಡಿದವರ ವಿಷಯ ಒಂದು ಕಡೆ ಇರಲಿ. ತನಿಖೆ, ಕಾನೂನು, ಆತ್ಮಸಂಯಮಗಳನ್ನು ಕಲಿತ ಮಿಲಿಟರಿ ಪೊಲೀಸ್ ತರುಣಿಯರನ್ನು ಇಪ್ಪತ್ತೈದರೊಳಗೆ ಮನೆಗೆ ಕಳುಹಿಸುವದು ನಮಗೆ ಜಾಣತನವಾಗಿ ಕಾಣುವದಿಲ್ಲ. ಹಾಗೆ ಬಿಡುಗಡೆಯಾದವರನ್ನು ರಾಜ್ಯ ಸರಕಾರವು ಕರೆದು, ಪೊಲೀಸ್ ಇಲಾಖೆಯಲ್ಲಿಯೂ ನಾಗನಹಳ್ಳಿಯಂಥ ಶಾಲೆಗಳ ಬೋಧಕವರ್ಗದಲ್ಲಿಯೂ ಸೇರಿಸಿಕೊಳ್ಳಬೇಕು. ಅದರೊಡನೆ, ಈ ಶಾಲೆಗಳ ಮುಖ್ಯಸ್ಥರನ್ನು ಕನಿಷ್ಠ ಎರಡು ವರ್ಷ ಕದಲಿಸದೆ, ಇಲಾಖೆಯ ಅತ್ಯುತ್ತಮರಲ್ಲಿಯೇ ಆರಿಸಿ ನೇಮಿಸಬೇಕು.

ಇನ್ನು ಆ ಗೃಹಸ್ಥರಿಗೂ ಅವರಂಥ ಇತರ ತಂದೆತಾಯಿಗಳಿಗೂ ಕೆಲವು ಮಾತು. ವಯಸ್ಸು ಕನಿಷ್ಠ ಹದಿನೇಳೂವರೆ, ಹತ್ತನೆಯ ತರಗತಿಯಲ್ಲಿ ಒಟ್ಟು ಶೇಕಡಾ ೪೫, ಪ್ರತಿ ವಿಷಯದಲ್ಲಿ ೩೩, ಎತ್ತರ ೧೬೨ ಸೆಂಟಿಮೀಟರ್, ೧.೬ ಕಿಲೋಮೀಟರನ್ನು ಎಂಟು ಮಿನಿಟಿನೊಳಗೆ ಓಡಬೇಕು. ಹತ್ತು ಅಡಿ ಉದ್ದ, ಮೂರು ಅಡಿ ಎತ್ತರ ಜಿಗಿಯಬೇಕು. ಹುಡುಗಿಗೆ ಮದುವೆಯಾಗಿರಕೂಡದು. ಹತ್ತನೆಯದು ಮುಗಿಯುತ್ತಲೇ ವರನನ್ನು ಹುಡುಕಹೊರಡುವ ನಮ್ಮ ಹಳ್ಳಿಗಳಿಗೆ ಈ ಕಡೆಯ ಷರತ್ತೇ ಎಲ್ಲಕ್ಕಿಂತ ಕಠಿನ. ೩೭೧ (ಜೆ) ಕಲಮಿನ ನೆರಳು ಸೇನೆಯ ಅಂಗಳದವರೆಗೆ ಚಾಚುವದಿಲ್ಲ. ಅಲ್ಲಿ ನಮ್ಮ ಮಕ್ಕಳು ಅನ್ಯ ಪ್ರಾಂತದವರೊಡನೆ ಸರಿಸಮವಾಗಿ ಓಡಬೇಕು. ಹಣ ಕೊಟ್ಟರೆ ಮಾಡಿಸಿಕೊಡುವೆನೆಂದು ಬರುವ ದಲಾಲನನ್ನು ಅಂಗಳದಿಂದಲೇ ಹೊರಗೆ ಕಳುಹಿಸಿರಿ. ಎಂಟು ಮಿನಿಟಿನ ಓಟವನ್ನು ಯಾರೂ ಕೊಡಿಸಲಾರರು.

ಓಡುವದೆಲ್ಲಿ ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು. ತೊಗರಿಯ ಹೊಲದ ಬದುವಿನ ಮೇಲೆಯೋ, ಲಾರಿಗಳು ಹಾಯುವ ಹೆದ್ದಾರಿಯ ಅಂಚಿನಲ್ಲಿಯೋ ನಸುಕಿನಲ್ಲಿ ಹೆಣ್ಣುಮಗಳೊಬ್ಬಳು ಓಡುವದು ಹೇಗೆ? ನಮಗೆ ಉತ್ತರ ತೋಚಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ತಹಶೀಲದಾರರೂ ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಊರಿಗೊಂದು ಸರಕಾರಿ ಮೈದಾನವನ್ನು ಬೆಳಗಿನ ಐದು ಗಂಟೆಗೆ ತೆರೆಸಿ, ಒಂದು ದೀಪವನ್ನೂ ಒಬ್ಬ ಮಹಿಳಾ ಪೇದೆಯನ್ನೂ ಅಲ್ಲಿ ಒದಗಿಸಬೇಕೆಂದು ವಿನಂತಿಸುತ್ತೇವೆ.